ಮೂರು ನಕ್ಷತ್ರದ ಬೆರಳು

ಸೂಜಿಗೆ ದಾರ ಪೋಣಿಸುವುದು ನನಗೆ ಈ ಜನ್ಮದಲ್ಲಿ ಒಲಿದಿಲ್ಲ. ಶಾಂಪೂ ಚೀಟಿಯನ್ನು ಹಲ್ಲಿನಿಂದ ಹರಿಯುತ್ತಿದ್ದೆ. ಕಟ್ಟಿಸಿದ ಹಲ್ಲು ಬಂದ ಮೇಲೆ ಆ ವಿದ್ಯೆಯೂ ಕೈಬಿಟ್ಟಿತು. ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕಡತದ ಕೆಂಪು ದಾರಕ್ಕೆ ನಾನು ಹಾಕಿದ ಗಂಟನ್ನು ನಾನೇ ಬಿಚ್ಚಲಾಗುತ್ತಿರಲಿಲ್ಲ, ಜವಾನ ಬರಬೇಕು. ಎಷ್ಟೋ ಅರ್ಜಿಗಳು ವಿಲೇವಾರಿಯಾಗದೆ ಕೂತದ್ದನ್ನು ಜನ ಲಂಚಕ್ಕೆ ಹಚ್ಚಿ ಮಾತಾಡಿದರು. ಅದು ಶುದ್ಧ ಗಂಟಿನ ಸಮಸ್ಯೆ.

ಇಂಥ ಕೈಗೆ ನಾಲ್ಕು ವರ್ಷದ ಮೊಮ್ಮಗಳ ಹತ್ತು ಬೆರಳುಗಳ ಭವಿಷ್ಯ ಬಂತು.

ಮಗ, ಸೊಸೆ ಹೈದರಾಬಾದಿನಲ್ಲಿ. ಕೂಸು ನಮ್ಮ ಹತ್ತಿರ ಬೇಮಳಖೇಡದಲ್ಲಿ. ನಮ್ಮೂರು ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದ ಹೋಬಳಿ ಊರು. ತಾಲ್ಲೂಕು ಬದಲಾದರೂ ದೊಡ್ಡ ಸಾಮಾನು ಕೊಳ್ಳುವುದಿದ್ದರೆ ನನ್ನ ಕಾಲು ಹಳೆ ರೂಢಿಯಂತೆ ಹುಮನಾಬಾದಿನ ಬಸ್ಸನ್ನೇ ಹತ್ತುತ್ತವೆ. ಮುಂದಿನ ವರ್ಷಕ್ಕೆ ಮೊಮ್ಮಗಳಿಗೆ ಸೀಟು ಕೇಳಲೆಂದು ಪೇಟೆಯ ಒಂದು ಇಂಗ್ಲಿಷ್ ಶಾಲೆಗೆ ಕರೆದೊಯ್ದಿದ್ದೆವು. ಅಲ್ಲಿನ ಮೇಡಂ ಅವಳ ಕೈಗೆ ಪೆನ್ಸಿಲ್ ಕೊಟ್ಟರು. ಇವಳು ಅದನ್ನು ಮುಷ್ಟಿಯಲ್ಲಿ ಹಿಡಿದು, ಒನಕೆ ಕುಟ್ಟಿದ ಹಾಗೆ ಕಾಗದದ ಮೇಲೆ ಕುಟ್ಟಿದಳು. “ಗ್ರಿಪ್ ವೀಕ್ ಅದ ಸರ್, ಫೈನ್ ಮೋಟರ್ ಸ್ಕಿಲ್ಸ್ ಮೇಲೆ ವರ್ಕ್ ಮಾಡ್ರಿ” ಎಂದರು ಮೇಡಂ.

ನಮ್ಮ ಅಂಗನವಾಡಿ ಅಕ್ಕೋರು ಇದನ್ನೇ ‘ಸಣ್ಣ ಸ್ನಾಯುಗಳ ಬೆಳವಣಿಗೆ’ ಅನ್ನುತ್ತಾರೆ. ಅವರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಂಗನವಾಡಿಯಲ್ಲಿ ಪುಕ್ಕಟೆ ಸಿಗುವ ಸಲಹೆಗೆ ನಮ್ಮಂಥ ನಿವೃತ್ತರ ಹತ್ತಿರ ಬೆಲೆ ಎಲ್ಲಿ? ನಾನು ಮೊಬೈಲಿನಲ್ಲಿ ಹುಡುಕಿದೆ. ಹುಡುಕಿದವನಿಗೆ ಇಂಗ್ಲೆಂಡಿನ ಒಂದು ಅಧ್ಯಯನ ಸಿಕ್ಕಿತು. 2016ರದು, ಏಳುನೂರಕ್ಕೂ ಹೆಚ್ಚು ಕುಟುಂಬಗಳನ್ನು ವಿಚಾರಿಸಿದ್ದರು. ಟಚ್ ಸ್ಕ್ರೀನನ್ನು ಬೇಗ ಸರಿಸಲು ಕಲಿತ ಕೂಸುಗಳು ಒಂದರ ಮೇಲೊಂದು ಬ್ಲಾಕು ಇಡುವುದನ್ನೂ ಬೇಗ ಕಲಿತಿದ್ದವಂತೆ. ಒಂದರಿಂದಲೇ ಇನ್ನೊಂದಾಯಿತು ಎಂದು ಹೇಳಲಾಗದು, ಎರಡಕ್ಕೂ ನಂಟು ಕಂಡಿದೆ ಅಷ್ಟೇ ಎಂದು ಆ ಸಂಶೋಧಕರು ಎಚ್ಚರಿಕೆಯಿಂದ ಬರೆದಿದ್ದರು. ಆ ಸಾಲು ಕೆಳಗಿತ್ತು. ನಾನು ಅಲ್ಲಿಯವರೆಗೆ ಇಳಿಯಲಿಲ್ಲ. ಬೀರುವಿನಲ್ಲಿದ್ದ ಪಿಂಚಣಿ ಹಣ ತೆಗೆದುಕೊಂಡು ಬಸ್ಸು ಹತ್ತಿದೆ.

ಅಂಗಡಿಯ ಹುಡುಗ ಒಂದು ಟ್ಯಾಬ್ ತೆಗೆದು, ಮಕ್ಕಳು ಅಕ್ಷರ ತಿದ್ದುವ ಆ್ಯಪ್ ಹಾಕಿ, “ಟ್ರೈ ಮಾಡ್ರಿ ಅಂಕಲ್” ಎಂದು ನನ್ನ ಮುಂದೆ ಹಿಡಿದ. ಪರದೆಯ ಮೇಲೆ ಚುಕ್ಕೆಚುಕ್ಕೆಯ ದೊಡ್ಡ ‘ಅ’. ಪಕ್ಕದಲ್ಲಿ ಚಡ್ಡಿ ತೊಟ್ಟ ಕರಡಿ. ಜೀವಮಾನವೆಲ್ಲ ‘ಅರ್ಜಿದಾರರು’, ‘ಅನುಮೋದಿಸಿದೆ’, ‘ಅಡಕಗಳು’ ಎಂದು ಬರೆದೇ ಸವೆದ ಕೈ ಇದು, ಬೆರಳಿಟ್ಟು ಎಳೆದೆ. ಕರಡಿ ಮುಖ ಬಾಡಿಸಿ, “ಅಯ್ಯೋ! ಇನ್ನೊಮ್ಮೆ ಪ್ರಯತ್ನಿಸೋಣ!” ಎಂದಿತು. ಇನ್ನೊಮ್ಮೆ ಎಳೆದೆ. ಮತ್ತೆ ಅಯ್ಯೋ. ಅಂಗಡಿಗೆ ಬಂದಿದ್ದ ಗಿರಾಕಿಗಳು ಸುತ್ತ ಕೂಡಿದರು. ನಾನು ಅಕ್ಷರವನ್ನು ಶುರು ಮಾಡುವ ಜಾಗ ಬೇರೆ, ಆ್ಯಪ್ ಬಯಸುವ ಜಾಗ ಬೇರೆ. ನಮ್ಮ ಗುರುಗಳು ಮರಳಿನ ಮೇಲೆ ಬೆತ್ತದ ಭಯದಲ್ಲಿ ತಿದ್ದಿಸಿದ ‘ಅ’ವನ್ನು ಈ ಕರಡಿ ಒಪ್ಪದು. “ಅಂಕಲ್‌ಗೆ ಅ ಬರಲ್ದು” ಎಂದು ಯಾರೋ ಹಿಂದಿನಿಂದ ಅಂದರು. ಮರ್ಯಾದೆ ಉಳಿಸಿಕೊಳ್ಳಲು ನನಗೆ ತೋಚಿದ್ದು ಒಂದೇ ದಾರಿ: “ಇದೇ ಇರಲಿ, ಪ್ಯಾಕ್ ಮಾಡು” ಎಂದೆ. ಮೇಲೊಂದು ಕವರು, ಗಾಜಿನ ಗಾರ್ಡು, ಮಕ್ಕಳ ಕೈಗೆ ಹೊಂದುವ ಗಿಡ್ಡ ಸ್ಟೈಲಸ್ಸು. ಸ್ಟೈಲಸ್ಸನ್ನು ಮನೆಗೆ ಬಂದ ದಿನವೇ ನಾಯಿ ತಿಂದಿತು.

ಮೊಮ್ಮಗಳಿಗೆ ಕರಡಿಯ ಕಾಟ ಇರಲಿಲ್ಲ. ಮೊದಲು ಬೆರಳಿನಿಂದ ತಿದ್ದಿದಳು, ಕರಡಿ ಅಯ್ಯೋ ಎಂದಿತು. ಅವಳು ಒಂದು ಗಳಿಗೆ ಯೋಚಿಸಿ, ಅಂಗೈಯನ್ನು ಪೂರ್ತಿ ಗಾಜಿನ ಮೇಲೆ ಊರಿ, ಸಗಣಿ ಸಾರಿಸಿದ ಹಾಗೆ ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ಒರೆಸಿದಳು. ಚುಕ್ಕೆಗಳೆಲ್ಲ ಬಣ್ಣ ತುಂಬಿಕೊಂಡವು. ಕಹಳೆ ಊದಿತು, ಕರಡಿ ಕುಣಿಯಿತು, ಮೂರು ನಕ್ಷತ್ರ ಬಿದ್ದವು. ‘ಆ’ದಿಂದ ‘ಅಃ’ದವರೆಗೆ ಹೀಗೇ ಒರೆಸಿ ಮುಗಿಸಿ, “ಮುತ್ಯಾ, ಉಣ್ಣಲಕ್ಕ ಕೊಡು” ಎಂದಳು. ಇಡೀ ಸ್ವರಮಾಲೆಗೆ ತಗುಲಿದ ಸಮಯದಲ್ಲಿ ನಮ್ಮ ಗುರುಗಳು ಮೂಗಿಗೆ ನಶ್ಯವನ್ನೂ ಏರಿಸಿರುತ್ತಿರಲಿಲ್ಲ.

ನಾನು ಆ ನಕ್ಷತ್ರಗಳ ಚಿತ್ರ ತೆಗೆದು ದಿನವೂ ಹೈದರಾಬಾದಿಗೆ ಕಳಿಸಿದೆ. ಮಗ ಹೆಬ್ಬೆರಳು ಕಳಿಸಿದ, ಸೊಸೆ ಹೃದಯ ಕಳಿಸಿದಳು.

ಒಂದು ವಿಷಯದಲ್ಲಿ ಮಾತ್ರ ಅವಳ ಬೆರಳು ನಿಜಕ್ಕೂ ಪಳಗಿತು, ಅದನ್ನು ಮುಚ್ಚಿಡಬಾರದು. ಎರಡು ಅಕ್ಷರಕ್ಕೊಮ್ಮೆ ಜಾಹೀರಾತು ಬರುತ್ತಿತ್ತು. ಅದನ್ನು ಮುಚ್ಚುವ ಗುಣಾಕಾರದ ಗುರುತು ಮೂಲೆಯಲ್ಲಿ ಎಳ್ಳುಕಾಳಿನಷ್ಟು. ಇಡೀ ಆ್ಯಪಿನಲ್ಲಿ ಬೆರಳ ತುದಿಯ ಗುರಿ ಬೇಡುತ್ತಿದ್ದ ಜಾಗ ಅದೊಂದೇ. ಮೊಮ್ಮಗಳು ಅದನ್ನು ನೋಡದೆಯೇ ಹೊಡೆಯುತ್ತಿದ್ದಳು. ನಾನು ಮುಟ್ಟಿದರೆ ಮಾತ್ರ ಜಾಹೀರಾತು ತೆರೆದುಕೊಳ್ಳುತ್ತಿತ್ತು. ಹೀಗೆ ನಾನು ತೆರೆದ ಒಂದರ ಫಲವಾಗಿ ಇವತ್ತಿಗೂ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ ಫೋನು ಮಾಡಿ, ನನಗೆ ಸಾಲ ಮಂಜೂರಾಗಿದೆ ಎಂದು ಹಿಂದಿಯಲ್ಲಿ ಶುಭ ಕೋರುತ್ತಾಳೆ.

ಯಶಸ್ಸು ಮನೆಯೊಳಗೆ ಇರಬಾರದು. ಹನುಮಾನ ಗುಡಿ ಕಟ್ಟೆಗೆ ಹೋಗಿ ವಿಷಯ ತೆಗೆದೆ. ಮಗುವಿನ ಕೈಯ ರಚನೆಯಿಂದಲೇ ಶುರು ಮಾಡಿದೆ. “ಮಣಿಕಟ್ಟಿನಲ್ಲಿ ಎಂಟು ಎಲುಬು ಇರ್ತಾವ. ಹುಟ್ಟುವಾಗ ಎಂಟೂ ಬರೇ ಮೆತ್ತನ್ನ ಮೃದ್ವಸ್ಥಿ, ಎಕ್ಸ್‌ರೇ ತೆಗೆದ್ರ ಕಾಣಂಗಿಲ್ಲ. ಒಂದೊಂದೇ ಗಟ್ಟಿ ಆಗ್ತಾ, ಕೊನೇದು ಕಾಣಿಸಿಕೊಳ್ಳಾದ್ರಾಗ ಎಂಟ್ರಿಂದ ಹನ್ನೆರಡು ವರ್ಷ ಆಗಿರ್ತದ. ಇನ್ನ ಬೆರಳೊಳಗ ನೋಡಿದ್ರ ಎಳೆಯೋ ಸ್ನಾಯುನೇ ಇಲ್ಲ. ದೊಡ್ಡವು ಮುಂಗೈಯಾಗ, ಸಣ್ಣವು ಅಂಗೈಯಾಗ, ಬೆರಳಿಗೆ ಬರೇ ಹಗ್ಗ ಬಂದಿರ್ತಾವ.” ಇಷ್ಟೂ ನಿಜವಾದ ಮಾತು. ಕಟ್ಟೆ ಗಂಭೀರವಾಯಿತು. ಆ ಗಾಂಭೀರ್ಯದಲ್ಲಿ ನಾನು ಮೈಮರೆತು, “ನನ್ನ ಮೊಮ್ಮಗಳ ಬೆರಳು ಟ್ಯಾಬಿನಿಂದ ಹ್ಯಾಂಗ ತಯಾರಾಗ್ಯಾವ ಅಂದ್ರ, ನೂರಕ್ಕ ನೂರು!” ಎಂದುಬಿಟ್ಟೆ.

ಹಿರಿಯ ಕಾಕಾ ಒಬ್ಬರು ಹುರಿದ ಶೇಂಗಾ ತಿನ್ನುತ್ತ ಕೂತಿದ್ದರು. ಅವರು ಮಾತಾಡುವುದು ಕಡಿಮೆ. ಮಡಿಲಿಂದ ಒಂದು ಕಾಯಿ ಆರಿಸಿ ಕಟ್ಟೆಯ ಮೇಲಿಟ್ಟು, “ಹಂಗಾದ್ರ ಇದೊಂದು ಸುಲಿ ಅನ್ರಿ ಕೂಸಿಗಿ” ಅಂದರು.

ಮೊಮ್ಮಗಳು ಮುಂದೆ ಬಂದಳು. ಎರಡು ಕಾಳಿನ ಪುಟ್ಟ ಕಾಯಿ, ನಡುವೆ ಸೊಂಟ, ಮೈತುಂಬ ಜಾಲರಿ, ತುದಿಯಲ್ಲಿ ಸಣ್ಣ ಮೂಗು. ಆ ಮೂಗಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಟಪ್ಪೆಂದು ಬಿರಿಯಬೇಕು. ಅವಳು ತೋರುಬೆರಳು ಚಾಚಿ ಕಾಯಿಯ ಮೇಲೆ ಒಂದು ಸಲ ಮುಟ್ಟಿದಳು. ಕಾದಳು. ಕಾಯಿ ಬಿರಿಯಲಿಲ್ಲ. ಎರಡು ಸಲ ಬೇಗಬೇಗ ಮುಟ್ಟಿದಳು. ಕಟ್ಟೆಯ ಮೇಲೆ ಯಾರೂ ಉಸಿರಾಡಲಿಲ್ಲ. ಎಡದಿಂದ ಬಲಕ್ಕೆ ಸರಿಸಿದಳು, ಕಾಯಿ ಉರುಳಿ ಕಾಕಾನ ಮಡಿಲಿಗೇ ವಾಪಸು ಹೋಯಿತು. ಅವರು ಮತ್ತೆ ತಂದಿಟ್ಟರು. ಅವಳು ಅದನ್ನು ಎತ್ತಿ, ಹಿಂದೆಮುಂದೆ ತಿರುವಿ ನೋಡಿ, ನನ್ನ ಕೈಗೆ ಕೊಟ್ಟು ತೀರ್ಪು ಹೇಳಿದಳು: “ಮುತ್ಯಾ, ಇದು ಬಂದ್ ಬಿದ್ದದ. ಚಾರ್ಜಿಂಗ್ ಹಚ್ಚು.”

ನಗು ನಿಂತ ಮೇಲೆ ಕಾಕಾ, “ನೀವರ ಸುಲೀರಿ ಸಾಹೇಬ್ರ” ಎಂದರು. ಆ ಕಾಯಿ ಇನ್ನೂ ನನ್ನ ಜೇಬಿನಲ್ಲಿದೆ.

ಅವತ್ತು ರಾತ್ರಿ ಮತ್ತೆ ಹುಡುಕಲು ಕೂತಾಗ ತೈವಾನಿನವರ ಅಧ್ಯಯನ ಎದುರಾಯಿತು. 2017ರದು. ಶಾಲೆ ಸೇರದ ವಯಸ್ಸಿನ 80 ಮಕ್ಕಳು. 40 ಮಕ್ಕಳಿಗೆ ಟ್ಯಾಬ್ ಆಟ, 40 ಮಕ್ಕಳಿಗೆ ಕೈಯಿಂದ ಆಡುವ ಆಟ, 24 ವಾರ. ಕೊನೆಗೆ ಅಳೆದಾಗ ಬೆರಳಿನ ನಿಖರತೆಯಲ್ಲೂ ಕೈಚಳಕದಲ್ಲೂ ಹೆಚ್ಚು ಸುಧಾರಿಸಿದವರು ಟ್ಯಾಬ್ ಇಲ್ಲದವರು. ಇದನ್ನು ಮೊದಲು ತೋರಿಸಿ ಇಂಗ್ಲೆಂಡನ್ನು ಆಮೇಲೆ ತೋರಿಸಿದ್ದರೆ ನನ್ನ ಪಿಂಚಣಿ ಬೀರುವಿನಲ್ಲೇ ಇರುತ್ತಿತ್ತು. ಕಾರಣ ಹುಡುಕಲು ತೈವಾನಿಗೆ ಹೋಗಬೇಕಿಲ್ಲ. ಗಾಜು ಎದುರಾಡುವುದಿಲ್ಲ. ಶೇಂಗಾ ಎದುರಾಡುತ್ತದೆ, ಹಿಟ್ಟು ಎದುರಾಡುತ್ತದೆ, ಬಿಗಿ ಗುಂಡಿಯಂತೂ ವಾದಕ್ಕೇ ನಿಲ್ಲುತ್ತದೆ. ಎದುರಾಡುವ ವಸ್ತುವಿನ ಜೊತೆ ಜಗಳಾಡಿಯೇ ಹೆಬ್ಬೆರಳು ತೋರುಬೆರಳಿನ ಎದುರು ಬಂದು ನಿಲ್ಲಲು ಕಲಿಯುತ್ತದೆ. ಗಾಜಿನ ಮೇಲೆ ದುಡಿಯುವುದು ಒಂದು ಬೆರಳು; ಉಳಿದ ನಾಲ್ಕಕ್ಕೂ ರಜೆ. ಹಾಗೆಂದು ಟ್ಯಾಬನ್ನು ಬಾವಿಗೆ ಎಸೆಯಿರಿ ಎಂದು ನಾನು ಹೇಳುವವನಲ್ಲ. ಪೆನ್ಸಿಲ್ ಹಿಡಿಯಲು ಕೈಯೇ ಬಾಗದ ಮಕ್ಕಳೂ ಇದ್ದಾರೆ. ಅಂಥ ಮಗುವಿಗೆ ಒಂದು ಬೆರಳು ತಾಕಿಸಿದರೆ ಚಿತ್ರ ಮಾತಾಡುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ನಮ್ಮ ಮನೆಯ ಮಗು ಮಾತ್ರ ಅಂಥದಲ್ಲ; ಅವಳ ಕೈ ಯಾರದಾದರೂ ಜುಟ್ಟು ಹಿಡಿದರೆ ಬಿಡಿಸಲು ಇಬ್ಬರು ಬೇಕು.

ಮರುದಿನ ಅಂಗನವಾಡಿಗೆ ಹೋದೆ. ಮಕ್ಕಳು ಚಾಪೆಯ ಮೇಲೆ ಕೂತು ಮಣಿ ಪೋಣಿಸುತ್ತಿದ್ದರು, ಹಳೆ ಪೇಪರು ಹರಿಯುತ್ತಿದ್ದರು, ಒಬ್ಬ ಮಣ್ಣು ಹಿಸುಕಿ ಎತ್ತು ಮಾಡಿ ಅದಕ್ಕೆ ಐದು ಕಾಲು ಇಟ್ಟಿದ್ದ. ಪರದೆ ತಿಕ್ಕುತ್ತ ಕೂತವರು ಅಕ್ಕೋರು ಒಬ್ಬರೇ. ಪೋಷಣ್ ಟ್ರ್ಯಾಕರಿನಲ್ಲಿ ಯಾರ ತೂಕ ಎಷ್ಟು, ಎತ್ತರ ಎಷ್ಟು ಎಂದು ತುಂಬುತ್ತಿದ್ದರು. “ಸರ್, ನಮ್ಮ ಸಣ್ಣ ಸ್ನಾಯು ಬೆಳೀಲತ್ಯಾವ ನೋಡ್ರಿ” ಎಂದು ತಮ್ಮ ಹೆಬ್ಬೆರಳು ತೋರಿಸಿದರು. ನಾನು ನನ್ನ ಸಂಶೋಧನೆಯನ್ನು ವಿವರಿಸಲು ಬಾಯಿ ತೆಗೆದೆ. ಅವರು ನನ್ನ ಕೈಗೊಂದು ಮಣಿ, ಒಂದು ದಾರ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೊಮ್ಮಗಳೇ ಬಂದು ಬಿಡಿಸಿದಳು.

ಮನೆಯಾಕೆ ಇಷ್ಟು ದಿನ ಟ್ಯಾಬಿನ ತಂಟೆಗೆ ಬಂದವಳಲ್ಲ. ಒಂದು ಸಂಜೆ, “ಆ ಕಲ್ಡಿ ಏನ್ ಅಂತದ ನೋಡಮು” ಎಂದು ಕೂತಳು. ಬೆರಳಿಟ್ಟಳು. ಏನೂ ಆಗಲಿಲ್ಲ. ಒತ್ತಿದಳು. ಕರಡಿ ಅಯ್ಯೋ ಎಂದೂ ಅನ್ನಲಿಲ್ಲ. ಈ ಪರದೆಗಳ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕ ಗೆರೆಗಳ ಬಲೆ ಇರುತ್ತದೆ. ಹಸಿ ಇರುವ, ಮೆತ್ತಗಿನ ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ತಿನಲ್ಲಿ ಸಣ್ಣ ಏರುಪೇರಾಗಿ ಯಂತ್ರಕ್ಕೆ ತಿಳಿಯುತ್ತದೆ. ಒಣಗಿ ಜಡ್ಡುಗಟ್ಟಿದ ತೊಗಲು ಬಂದರೆ ಅದಕ್ಕೆ ಗೊತ್ತಾಗುವುದೇ ಕಷ್ಟ. ರೊಟ್ಟಿ ಬಡಿದು, ತೊಗರಿ ಕೊಯ್ದು, ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಕಾಳು ಕಾಳಾಗಿ ಬೀಜ ಬಿಟ್ಟ ಕೈ ಅದು. ರೇಷನ್ನಿನ ಹೆಬ್ಬೆಟ್ಟಿನ ಯಂತ್ರವೂ ಅವಳನ್ನು ಒಮ್ಮೆಗೇ ಗುರುತಿಸಿದ್ದಿಲ್ಲ. ನನ್ನ ಹೆಬ್ಬೆಟ್ಟು ಇಟ್ಟರೆ ಟಕ್ಕನೆ ಹಸಿರು ದೀಪ. ಅಷ್ಟು ನುಣುಪಾಗಿ ಕಾಪಾಡಿಕೊಂಡು ಬಂದಿದ್ದೇನೆ.

“ನಿಮ್ಮ ಡಬ್ಬಿಗಿ ನಾ ಕಾಣಲ್ದ್ಯಾ ಹೋದೆ” ಎಂದು ಅವಳು ಎದ್ದಳು. ಬೇಜಾರೇನೂ ಪಟ್ಟುಕೊಳ್ಳಲಿಲ್ಲ. ಮಾರನೆಯ ದಿನ ನೋಡಿದರೆ ಟ್ಯಾಬನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು ಅದರ ಮೇಲೆ ತೊಗರಿ ಬೇಳೆ ಸುರುವಿ ಹರಳು ಆರಿಸುತ್ತಿದ್ದಳು. ಕಪ್ಪು ಗಾಜಿನ ಮೇಲೆ ಬಿಳಿ ಹರಳು ಚೆನ್ನಾಗಿ ಕಾಣುತ್ತದಂತೆ. ಮೊಮ್ಮಗಳು ಪಕ್ಕದಲ್ಲಿ ಕೂತು ಎರಡು ಬೆರಳಿನಿಂದ ಹರಳು ಹೆಕ್ಕಿ ಹೆಕ್ಕಿ ಆಚೆ ಹಾಕುತ್ತಿದ್ದಳು. ಟ್ಯಾಬಿನಿಂದ ಸಣ್ಣ ಸ್ನಾಯುಗಳ ಬೆಳವಣಿಗೆ ಕೊನೆಗೂ ಶುರುವಾಗಿತ್ತು. ನಾನು ಚಿತ್ರ ತೆಗೆದು ಹೈದರಾಬಾದಿಗೆ ಕಳಿಸಿದೆ. ಮಗ ಈ ಸಲ ಏನೂ ಕಳಿಸಲಿಲ್ಲ.

ಹರಳು ಉಜ್ಜಿ ಗಾರ್ಡು ಸೀಳಿತು. ಅದನ್ನು ಬದಲಿಸುವ ನೆಪದಲ್ಲಿ ಬೀದರಿಗೆ ಹೋದಾಗ ಚೌಬಾರಾ ಹತ್ತಿರ ಬಿದ್ರಿ ಕೆಲಸಗಾರರ ಮುಂದೆ ನಿಂತುಬಿಟ್ಟೆ. ಸತುವು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಗೀರಿದ ಗೆರೆ, ಗೆರೆಯೊಳಗೆ ಕೂದಲೆಳೆಯ ಬೆಳ್ಳಿ ತಂತಿ. ಕೊನೆಗೆ ಕೋಟೆಯ ಮಣ್ಣು ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2023ರಲ್ಲಿ ಈ ಊರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ. ನಾನು ನಿಂತಿದ್ದ ಅಂಗಡಿಯ ಮುದುಕರನ್ನು, “ಚಾಚಾ, ಬೆರಳು ಹಿಂಗ ಆಗಲಕ್ಕ ಸಣ್ಣವರಿದ್ದಾಗ ಏನು ಮಾಡ್ತಿದ್ರಿ?” ಎಂದು ಕೇಳಿದೆ, ಏನಾದರೂ ಗುಟ್ಟು ಸಿಕ್ಕೀತೆಂದು. “ಹೊಡಸ್ಕೋತಿದ್ದೆ” ಎಂದು ತಲೆ ಎತ್ತದೆ ಹೇಳಿದರು.

ಬೇಸಿಗೆಯಲ್ಲಿ ನೆರೆಮನೆಯಲ್ಲಿ ಮದುವೆ ಗೊತ್ತಾಯಿತು. ಮದುವೆ ಎಂದ ಮೇಲೆ ಗವಲಿ. ಪೇಟೆಯವರಿಗೆ ಹೇಳಬೇಕು: ಗೋಧಿಯ ಸಣ್ಣ ರವೆ ಹಾಲಲ್ಲಿ ಕಲಸಿ, ನಾದಿ, ಬಟ್ಟೆ ಮುಚ್ಚಿ ಇಟ್ಟ ಹಿಟ್ಟು. ಅದರ ಒಂದು ಗೋಲಿ ಎಡಗೈಯಲ್ಲಿ. ಅಲ್ಲಿಂದ ದಾರದಂತೆ ಒಂದಿಷ್ಟು ಎಳೆದು, ಬಲಗೈ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತಿರುವು ತಿರುವಿ ಚಿವುಟಿದರೆ, ಎರಡೂ ತುದಿ ಚೂಪಾದ ಅಕ್ಕಿ ಕಾಳಿನಷ್ಟು ಗವಲಿ ತಾಟಿಗೆ ಬೀಳುತ್ತದೆ. ನೆರಳಿಗೆ ಒಣಗಿಸಿದರೆ ಪಾಯಸಕ್ಕೆ ಸಿದ್ಧ. ಕೈ ಬಂದ ಹೆಣ್ಣುಮಕ್ಕಳು ತಾಟು ನೋಡುವುದೇ ಇಲ್ಲ. ಬೀಗರ ಕುಲಗೋತ್ರವನ್ನೆಲ್ಲ ಆಡಿಕೊಳ್ಳುತ್ತಿರುತ್ತಾರೆ, ಬೆರಳ ತುದಿಯಿಂದ ಗವಲಿ ಸುರಿಯುತ್ತಿರುತ್ತದೆ.

ಮೊಮ್ಮಗಳನ್ನು ಕರೆದುಕೊಂಡು ಮನೆಯಾಕೆ ಹೋದಳು. ಮೇಲ್ವಿಚಾರಣೆಗೆ ನಾನೂ ಹೋದೆ. ಮಗು ಮೊದಲು ಹಿಟ್ಟು ತಿಂದಳು. ಆಮೇಲೆ ಹಾವು ಮಾಡಿದಳು. ಆಮೇಲೆ ಒಬ್ಬಾಕೆ ತನ್ನ ಬೆರಳನ್ನು ಅವಳ ಬೆರಳಿನ ಮೇಲಿಟ್ಟು ಒಂದು ತಿರುವು ಕಲಿಸಿದಳು. ಮೊದಲ ಗವಲಿ ಶೇಂಗಾ ಗಾತ್ರ, ಆಮೇಲಿನವು ಕಡಲೆ ಗಾತ್ರ. ಸಂಜೆಯ ಹೊತ್ತಿಗೆ ಜೋಳದ ಕಾಳಿಗೆ ಇಳಿದಿತ್ತು. ಯಾರೂ ಕಹಳೆ ಊದಲಿಲ್ಲ. “ಇನ್ನಾ ಸಣ್ಣದು ಮಾಡವ್ವಾ” ಅಷ್ಟೇ. ಅವಳು ನಾಲಿಗೆ ಹೊರಗೆ ಚಾಚಿಕೊಂಡು ಇನ್ನೂ ಸಣ್ಣದು ಮಾಡುತ್ತಿದ್ದಳು.

ಆ ಹುರುಪಿನಲ್ಲಿ ನಾನೂ ಒಂದು ಗೋಲಿ ಎತ್ತಿಕೊಂಡೆ. ಎಳೆದೆ, ತಿರುವಿದೆ, ಚಿವುಟಿದೆ. ಕೆಳಗೆ ಬೀಳಬೇಕಾದದ್ದು ಹೆಬ್ಬೆರಳಿಗೆ ಅಂಟಿತು. ಅದನ್ನು ಬಿಡಿಸಲು ಹೋದ ತೋರುಬೆರಳಿಗೂ ಅಂಟಿತು. ಕೊಡವಿದಾಗ ಹಾರಿ ಮದುಮಗಳ ಸೋದರತ್ತೆಯ ಕನ್ನಡಕದ ಮೇಲೆ ಕೂತಿತು. ನಾನು ಮಾಡಿದ್ದರಲ್ಲಿ ತಾಟಿಗೆ ಮುಟ್ಟಿದವನ್ನೆಲ್ಲ ಮೊಮ್ಮಗಳು ಒಂದೊಂದಾಗಿ, ಅದೂ ಎರಡೇ ಬೆರಳಿನಲ್ಲಿ, ಹೆಕ್ಕಿ ಬೇರೆ ಮಾಡಿದಳು. “ಅಯ್ಯೋ! ಇನ್ನೊಮ್ಮೆ ಪ್ರಯತ್ನಿಸೋಣ!” ಎಂದಳು, ಥೇಟು ಕರಡಿಯ ದನಿಯಲ್ಲಿ. ಹೆಂಗಸರು ನಗುತ್ತ ಅವನ್ನು ಕೋಳಿಗೆ ಹಾಕಿದರು. ಕೋಳಿ ಒಮ್ಮೆ ಕುಕ್ಕಿ ನೋಡಿ ಮುಂದೆ ಹೋಯಿತು.

ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಮಗುವಿನ ಲೆಕ್ಕ ಈಗ ಅದಕ್ಕಿಂತ ಬಹಳ ಕೆಳಗಿದೆ, ಅವಳಿಗೆ ಪುರುಸೊತ್ತಿಲ್ಲ. ಪೆನ್ಸಿಲನ್ನು ಮೂರು ಬೆರಳಿನಲ್ಲಿ ಹಿಡಿಯುತ್ತಾಳೆ, ಸಿಟ್ಟು ಬಂದರೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಟ್ಯಾಬ್ ನನ್ನ ಹತ್ತಿರವೇ ಇದೆ. ಅರವತ್ತು ದಾಟಿದವರಿಗೆ ದಿನಕ್ಕೆ ಎಷ್ಟು ತಾಸು ಎಂದು ಆ ಸಂಸ್ಥೆ ಎಲ್ಲೂ ಬರೆದಿಲ್ಲವಾದ್ದರಿಂದ ಮಧ್ಯಾಹ್ನವೆಲ್ಲ ನಾನು ಕರಡಿಯ ಎದುರು ಕೂತಿರುತ್ತೇನೆ. ‘ಅ’ ಒಪ್ಪಿಗೆಯಾಗಿದೆ. ‘ಋ’ ನಡೆದಿದೆ.

ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣದ ಕಡೆ ಯಾರ ಮನೆಯಲ್ಲಾದರೂ ಮದುವೆ ಇದ್ದರೆ ಗವಲಿ ಹೊಸೆಯಲು ನಮ್ಮ ಮನೆಯವರನ್ನು ಅವಶ್ಯ ಕರೆಯಿರಿ, ಮೊಮ್ಮಗಳನ್ನೂ ಕರೆದುಕೊಂಡು ಬರುತ್ತಾಳೆ. ನನ್ನನ್ನು ಊಟದ ದಿನ ಕರೆದರೆ ಸಾಕು.